ಹೊಟ್ಟೆ ಉರಿಸದ ಕಾಫಿ

"ಕಾಫಿ ಬಿಡಬೇಕು" ಎಂದು ಸೊಲ್ಲಾಪುರದ ಡಾಕ್ಟರು ಹೇಳಿದಾಗ ಒಳ್ಳೆಯ ಹುಡುಗನಂತೆ ತಲೆಯಾಡಿಸಿದೆ. ಹೊರಗೆ ಬಂದು ಮಾಡಿದ ಮೊದಲ ಕೆಲಸ ಬಸ್‌ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಒಂದು ಕಾಫಿ ಕುಡಿದದ್ದು. ಅಲ್ಲಿಂದ ಹುಲಜಂತಿ ಮುಟ್ಟುವ ತನಕ ಎದೆ ಉರಿಯುತ್ತಲೇ ಇತ್ತು.

ನಾನು ಮಂಗಳೂರಿನ ಕುದ್ರೋಳಿಯವನು. ರಸ್ತೆ ಗುತ್ತಿಗೆದಾರರೊಬ್ಬರ ಬಳಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಆ ಕೆಲಸ ನನ್ನನ್ನು ಹುಲಜಂತಿಗೆ ತಂದು ಹಾಕಿತು. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನಲ್ಲಿ, ಕರ್ನಾಟಕದ ಗಡಿಗೆ ಹತ್ತಿರ ಇರುವ ಊರು. ಬೋರ್ಡುಗಳು ಮರಾಠಿ, ಮನೆಯೊಳಗಿನ ಮಾತು ಕನ್ನಡ. ದೀಪಾವಳಿಗೆ ಮಹಾಲಿಂಗರಾಯನ ಗುಡಿಯ ಮುಂದೆ ಪಲ್ಲಕ್ಕಿಗಳು ಭೇಟಿಯಾಗುವಾಗ ಭಂಡಾರ ಹಾರಿ ಇಡೀ ಊರು ಹಳದಿಯಾಗುತ್ತದೆ. ಉಳಿದ ದಿನಗಳಲ್ಲಿ ಕಪ್ಪು ಮಣ್ಣು, ಜೋಳದ ಹೊಲ, ಬಿಸಿಲು. ಇಲ್ಲಿಯವರು ಕುಡಿಯುವುದು ಚಹಾ. ಕಾಫಿ ಎಂದರೆ ಕಿರಾಣಿ ಅಂಗಡಿಯಲ್ಲಿ ತೋರಣದಂತೆ ನೇತುಹಾಕಿದ ಇನ್‌ಸ್ಟಂಟ್ ಪುಡಿಯ ಸಣ್ಣ ಪೊಟ್ಟಣ. ನಾನು ಮಾತ್ರ ಊರಿನಿಂದ ತಂದ ಸ್ಟೀಲ್ ಫಿಲ್ಟರಿನಲ್ಲಿ ಬೆಳಿಗ್ಗೆ ಐದಕ್ಕೆ ಡಿಕಾಕ್ಷನ್ ಇಳಿಸಿ, ಏನೂ ತಿನ್ನದೆ ಎರಡು ಲೋಟ ಕುಡಿದು ಸೈಟಿಗೆ ಹೊರಡುತ್ತಿದ್ದೆ.

ಉರಿ ಶುರುವಾಗಿ ವರ್ಷವೇ ಆಗಿತ್ತು. ರಮಝಾನಿನಲ್ಲಿ ಅದು ಜೋರಾಯಿತು. ಇಡೀ ದಿನದ ಉಪವಾಸದ ಮೇಲೆ ಖರ್ಜೂರ, ನೀರು, ಅದರ ಹಿಂದೆಯೇ ಗಟ್ಟಿ ಕಾಫಿ. ರಾತ್ರಿ ದಿಂಬಿಗೆ ಒರಗಿ ಕೂತೇ ನಿದ್ದೆ.

ನನಗಿದ್ದ ಹೆದರಿಕೆ ಬೇರೆ. ಉಪ್ಪ ಹೀಗೆಯೇ ವರ್ಷಗಟ್ಟಲೆ ಉರಿಗೆ ಸೋಡಾ ಕುಡಿದು, ಬೆನ್ನುನೋವಿಗೆ ಅಂಗಡಿಯ ಮಾತ್ರೆ ನುಂಗಿ, ಕೊನೆಗೊಂದು ರಾತ್ರಿ ರಕ್ತ ಕಾರಿ ಆಸ್ಪತ್ರೆ ಸೇರಿದವರು. ಹೊಟ್ಟೆಯಲ್ಲಿ ಹುಣ್ಣು. ಬದುಕಿ ಬಂದರು. ಆ ದಿನದಿಂದ ಕಾಫಿ ಮುಟ್ಟಿಲ್ಲ. ಹನ್ನೆರಡು ವರ್ಷವಾಯಿತು.

ಅದಕ್ಕೇ ಎರಡನೇ ಸಲ ಡಾಕ್ಟರ ಹತ್ತಿರ ಹೋದಾಗ ಉಪ್ಪನ ಕಥೆ ಹೇಳಿದೆ. ಅವರು ಎಂಡೋಸ್ಕೋಪಿ ಮಾಡಿಸಿದರು. ಹುಣ್ಣು ಇರಲಿಲ್ಲ. ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರುವ ತೊಂದರೆ, ಅಷ್ಟೇ. ಹುಣ್ಣಿಗೆ ಮುಖ್ಯ ಕಾರಣ ಕಾಫಿಯಲ್ಲ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು ಎಂದೂ ತಿಳಿಸಿದರು. ಆ ಬ್ಯಾಕ್ಟೀರಿಯಾ ಕಂಡುಹಿಡಿದ ಆಸ್ಟ್ರೇಲಿಯಾದ ಇಬ್ಬರು ವೈದ್ಯರಿಗೆ 2005ರಲ್ಲಿ ನೊಬೆಲ್ ಬಂದಿದೆಯಂತೆ. ಉಪ್ಪನ ಸೋಡಾ ಮತ್ತು ಮಾತ್ರೆಗಳ ವರ್ಷಗಳು ನೆನಪಾಗಿ ಮನಸ್ಸು ಭಾರವಾಯಿತು. ಓದುವವರಲ್ಲಿ ಮೊದಲ ವಿನಂತಿ ಇದೇ. ಉರಿ ವಾರಗಟ್ಟಲೆ ಇದ್ದರೆ, ನುಂಗಲು ಕಷ್ಟವಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಕಾಫಿ ಬದಲಿಸುತ್ತಾ ಕೂರಬೇಡಿ. ಡಾಕ್ಟರಿಗೆ ತೋರಿಸಿ.

ಹುಣ್ಣು ಇಲ್ಲ ಎಂದಾದ ಮೇಲೆ ಡಾಕ್ಟರು ಸ್ವಲ್ಪ ಸಡಿಲಿಸಿದರು. "ಬಿಡಲು ಆಗದಿದ್ದರೆ ಕಡಿಮೆ ಮಾಡಿ, ಯಾವುದು ಸಹಿಸುತ್ತದೆ ನೋಡಿ." ಅಂದು ರಾತ್ರಿ ಫೋನಿನಲ್ಲಿ "ಆಮ್ಲ ಕಡಿಮೆಯ ಕಾಫಿ" ಹುಡುಕಿದೆ. ಚಂದದ ಡಬ್ಬಿಗಳು ಬಂದವು. ಕಾಲು ಕೆ.ಜಿ.ಗೆ ಸಾವಿರ ದಾಟಿದವೂ ಇದ್ದವು. ನನ್ನ ಸಂಬಳಕ್ಕೆ ಅದು ಕಾಫಿಯಲ್ಲ, ಔಷಧಿಯ ಬೆಲೆ. ಪಟ್ಟಿಯಲ್ಲಿ ಮತ್ತೆ ಮತ್ತೆ ಕಂಡ ಹೆಸರೊಂದಿತ್ತು: ಮಾನ್ಸೂನ್ಡ್ ಮಲಬಾರ್. ಎಲ್ಲೋ ಕೇಳಿದ ಹಾಗಿತ್ತು. ಉಮ್ಮನಿಗೆ ಫೋನ್ ಮಾಡಿದೆ.

ಮದುವೆಗೆ ಮುಂಚೆ ಉಮ್ಮ ಮಂಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಕೆಲಸ ಮಾಡುತ್ತಿದ್ದರು. ಮದುವೆಯ ಮೇಲೆ ಬೀಡಿ. ಆ ದಿನಗಳ ಬಗ್ಗೆ ಹೆಚ್ಚು ಮಾತಾಡುವವರಲ್ಲ. ನಾನು ಹೆಸರು ಹೇಳಿದ್ದೇ ತಡ, "ಅದು ಮಳೆ ಕಾಫಿ ಮೋನೇ!" ಎಂದು ನಕ್ಕರು. ಆಮೇಲೆ ಅರ್ಧ ಗಂಟೆ ಅವರೇ ಮಾತಾಡಿದರು.

ಮಳೆಗಾಲದಲ್ಲಿ ಬದಿ ತೆರೆದ ಗುದಾಮಿನ ನೆಲದ ಮೇಲೆ ಒಣಗಿದ ಬೀಜವನ್ನು ಗೇಣುದ್ದಕ್ಕೂ ಕಡಿಮೆ ದಪ್ಪಕ್ಕೆ ಹರಡುತ್ತಾರೆ. ಮಳೆಹನಿ ಬೀಳಬಾರದು, ಮಳೆಗಾಳಿ ಮಾತ್ರ ತಾಗಬೇಕು. ಆಗಾಗ ಕೆದಕಿ ಮಗುಚುತ್ತಾರೆ. ಆಮೇಲೆ ಗೋಣಿಗೆ ಸಡಿಲವಾಗಿ ತುಂಬಿ, ನಡುವೆ ಗಾಳಿ ಓಡಾಡುವಂತೆ ಸಾಲಾಗಿ ಇಡುತ್ತಾರೆ. ಗೋಣಿ ಬದಲಿಸಿ ಮತ್ತೆ ತುಂಬುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ. ಹಸಿರು ಬೀಜ ಗಾಳಿಯ ತೇವ ಕುಡಿದು ಉಬ್ಬಿ, ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಹುಳಿ ಇಳಿದು, ಮಣ್ಣಿನ, ಮಸಾಲೆಯ ವಾಸನೆ ಬರುತ್ತದೆ. ಸರಿಯಾಗಿ ಉಬ್ಬದ್ದನ್ನು, ಕಪ್ಪಾದದ್ದನ್ನು ಹೆಂಗಸರು ಕೂತು ಆರಿಸಬೇಕು. "ಬೆರಳ ತುದಿಗೇ ಗೊತ್ತಾಗುತ್ತಿತ್ತು" ಎಂದರು ಉಮ್ಮ.

ಇದರ ಹಿಂದಿನ ಕಥೆಯನ್ನು ನಾನು ಆಮೇಲೆ ಓದಿಕೊಂಡೆ. ಹಾಯಿ ಹಡಗುಗಳ ಕಾಲದಲ್ಲಿ ನಮ್ಮ ಕರಾವಳಿಯ ಕಾಫಿ ಆಫ್ರಿಕಾ ಸುತ್ತಿ ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ದಾರಿಯುದ್ದಕ್ಕೂ ಸಮುದ್ರದ ತೇವ ಕುಡಿದು ಬೀಜದ ಬಣ್ಣ, ರುಚಿ ಎರಡೂ ಬದಲಾಗುತ್ತಿದ್ದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗು ಬಂತು, ಪ್ರಯಾಣ ಚಿಕ್ಕದಾಯಿತು. ಹಳೆಯ ರುಚಿ ಸಿಗದೆ ಅಲ್ಲಿಯ ಗ್ರಾಹಕರು ಗೊಣಗಿದರು. ಹಡಗಿನಲ್ಲಿ ಆಗುತ್ತಿದ್ದುದನ್ನು ಮಂಗಳೂರಿನ ಗುದಾಮುಗಳಲ್ಲಿ ಮಳೆಗಾಳಿಯಿಂದ ಮಾಡಿಸುವ ಪದ್ಧತಿ ಬಂತು. ಈಗ ಅದಕ್ಕೆ ಭೌಗೋಳಿಕ ಸೂಚಿಕೆಯೂ ಇದೆ. ಬಾಬಾ ಬುಡನ್ ಯೆಮನಿನಿಂದ ಏಳು ಬೀಜ ತಂದ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಈ ಕಥೆ ಮಾತ್ರ ನಮ್ಮ ಮನೆಯಲ್ಲೇ ಇದ್ದು ನನಗೆ ಗೊತ್ತಿರಲಿಲ್ಲ.

"ನೀವು ಕುಡಿದಿದ್ದೀರಾ ಉಮ್ಮ?" ಎಂದು ಕೇಳಿದೆ.

"ಅದೆಲ್ಲ ಫಾರಿನ್‌ಗೆ ಹೋಗುತ್ತಿತ್ತು. ನಾವು ಕುಡಿದದ್ದು ಚಾಯ" ಎಂದರು.

ಮಾನ್ಸೂನ್ಡ್ ಬೀಜ ದಿನವೂ ಕುಡಿಯುವಷ್ಟು ಅಗ್ಗವಲ್ಲ. ಹಾಗಾಗಿ ಅದರಲ್ಲಿರುವ ಗುಣ ಬೇರೆ ದಾರಿಯಲ್ಲಿ ಸಿಗುತ್ತದೆಯೇ ಎಂದು ನೋಡತೊಡಗಿದೆ. ಆಗ ತಿಳಿದ ಕೆಲವು ಸಂಗತಿ ನನಗೇ ಆಶ್ಚರ್ಯ ತಂದವು.

ಕಾಫಿ ನಾವು ಅಂದುಕೊಂಡಷ್ಟು ಹುಳಿಯಲ್ಲ. ಅದರ ಪಿ.ಎಚ್. ಸುಮಾರು 5. ನಿಂಬೆರಸದ್ದು 2ರ ಆಸುಪಾಸು. ನಾವು ಊಟಕ್ಕೆ ಕುಡಿಯುವ ಪುನರ್ಪುಳಿ ಸಾರು ಕಾಫಿಗಿಂತ ಹುಳಿ. ಹೊಟ್ಟೆಯೊಳಗಿನ ಆಮ್ಲವಂತೂ ಇವೆಲ್ಲಕ್ಕಿಂತ ಖಾರ. ಅಂದರೆ ಲೋಟದಲ್ಲಿರುವ ಹುಳಿಯೊಂದೇ ತೊಂದರೆಯಲ್ಲ. ಕಾಫಿ ಹೊಟ್ಟೆಯನ್ನು ಎಬ್ಬಿಸಿ ಅದರದ್ದೇ ಆಮ್ಲ ಸುರಿಸುತ್ತದೆ, ಕೆಲವರಲ್ಲಿ ಅನ್ನನಾಳದ ಕೆಳಗಿನ ಬಾಗಿಲನ್ನೂ ಸಡಿಲಿಸುತ್ತದೆ. ಹಾಗಾಗಿ ಯಾವ ಪುಡಿ ಎಂಬಷ್ಟೇ ಮುಖ್ಯ, ಎಷ್ಟು ಕುಡಿಯುತ್ತೇವೆ, ಯಾವಾಗ ಕುಡಿಯುತ್ತೇವೆ ಎಂಬುದು.

ಪುಡಿಯ ವಿಷಯಕ್ಕೆ ಬರುತ್ತೇನೆ. ಊರಿಗೆ ಹೋದಾಗ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯವರನ್ನು ಕೇಳಿದೆ. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರ್ರಿ. ತೊಳೆದ ಕಾಫಿಯಲ್ಲಿ ಹುಳಿ ಎದ್ದು ಕಾಣುತ್ತದೆ, ಚೆರ್ರಿಯಲ್ಲಿ ಕಡಿಮೆ. ಅರೇಬಿಕಾಕ್ಕಿಂತ ರೋಬಸ್ಟಾದ ರುಚಿಯಲ್ಲಿ ಹುಳಿ ಕಡಿಮೆ, ಕಹಿ ಹೆಚ್ಚು. ಅಂಗಡಿಯ ಬೆಲೆಪಟ್ಟಿಯಲ್ಲಿ ರೋಬಸ್ಟಾ ಚೆರ್ರಿ ಎಲ್ಲಕ್ಕಿಂತ ಕೆಳಗೆ ಇತ್ತು. ನನಗೆ ಬೇಕಾದದ್ದೇ ಅಗ್ಗದ್ದು! ಆದರೆ ರೋಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ಅದಕ್ಕೇ ಅರ್ಧ ರೋಬಸ್ಟಾ ಚೆರ್ರಿ, ಅರ್ಧ ಅರೇಬಿಕಾ ಚೆರ್ರಿ ಹಾಕಿಸಿ, ಎರಡು ಲೋಟವನ್ನು ಒಂದಕ್ಕೆ ಇಳಿಸಿದೆ.

ಹುರಿಯುವುದನ್ನು ಕಡುಕಂದು ಆಗುವ ತನಕ ಮಾಡಿಸಿದೆ. ಹೆಚ್ಚು ಹುರಿದಷ್ಟೂ ಬೀಜದ ಕ್ಲೋರೊಜೆನಿಕ್ ಆಮ್ಲಗಳು ಒಡೆದು ಕಡಿಮೆಯಾಗುತ್ತವೆ. ಹುರಿಯುವಾಗ ಹುಟ್ಟುವ ಇನ್ನೊಂದು ವಸ್ತು ಹೊಟ್ಟೆಯ ಆಮ್ಲ ಸ್ರಾವವನ್ನು ಸ್ವಲ್ಪ ತಗ್ಗಿಸಬಹುದು ಎಂದು ಯುರೋಪಿನ ಸಂಶೋಧಕರ ಪ್ರಯೋಗಗಳು ಸೂಚಿಸಿವೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಬೆಲೆಯೂ ಕಡಿಮೆ. ನೂರಕ್ಕೆ ಇಪ್ಪತ್ತು ಸೇರಿಸಿದರೆ ಡಿಕಾಕ್ಷನ್ ದಪ್ಪವಾಗುತ್ತದೆ, ಕೆಫೀನೂ ಇಳಿಯುತ್ತದೆ. ಪ್ಯಾಕೆಟ್ ಕೊಳ್ಳುವವರು ಹಿಂದೆ ಬರೆದದ್ದನ್ನು ಓದಿ. ನಮ್ಮಲ್ಲಿ ನೂರಕ್ಕೆ 49ರ ತನಕ ಚಿಕೋರಿ ಹಾಕಲು ಅವಕಾಶವಿದೆ. ಅಷ್ಟಿದ್ದರೆ ನಾವು ಅರ್ಧ ಕಾಫಿಗೆ ದುಡ್ಡು ಕೊಟ್ಟ ಹಾಗೆ.

ಮುಂದಿನ ಪಾಠ ಹುಲಜಂತಿಯ ನೀರು ಕಲಿಸಿತು. ನಾನು ಕಾಫಿಗೆಂದೇ ಆರ್.ಒ. ನೀರಿನ ಕ್ಯಾನ್ ತರಿಸುತ್ತಿದ್ದೆ. ಒಂದು ದಿನ ಕ್ಯಾನ್ ಬರಲಿಲ್ಲ. ಮನೆಯವರು ಕುಡಿಯುವ ಬೋರಿನ ನೀರನ್ನೇ ಕುದಿಸಿ ಹಾಕಿದೆ. ಅದೇ ಪುಡಿ, ಆದರೆ ಕಾಫಿಯ ಚುರುಕು ಸತ್ತು ಮೆತ್ತಗಾಗಿತ್ತು. ಇಲ್ಲಿಯ ನೀರು ಗಡಸು, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಆ ನೀರಿನ ಬೈಕಾರ್ಬನೇಟ್ ಕಾಫಿಯ ಹುಳಿಯನ್ನು ಮುರಿಯುತ್ತದೆ. ಆರ್.ಒ. ನೀರಿನಲ್ಲಿ ಅದು ಇರುವುದಿಲ್ಲವಾದ್ದರಿಂದ ಹುಳಿ ಹಾಗೆಯೇ ಉಳಿಯುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನ ಬಾವಿಯ ಮೃದು ನೀರಿನಲ್ಲೂ ಹೀಗೆಯೇ. ಈಗ ಎರಡೂ ನೀರನ್ನು ಸಮ ಬೆರೆಸುತ್ತೇನೆ. ಬೋರಿನ ನೀರು ಕುಡಿಯಲು ಯೋಗ್ಯ ಎಂದು ಪರೀಕ್ಷೆಯಾಗಿದ್ದರೆ ಮಾತ್ರ ಹೀಗೆ ಮಾಡಿ.

ಬೇಸಿಗೆಯಲ್ಲಿ ನಾನು ತಣ್ಣೀರ ಡಿಕಾಕ್ಷನ್ ಮಾಡುತ್ತೇನೆ. ಚಿಕೋರಿ ಇಲ್ಲದ, ತರಿತರಿಯಾದ ಪುಡಿ ಐದು ಚಮಚ, ಅಂದರೆ ಸುಮಾರು 25 ಗ್ರಾಂ. ಕುದಿಸಿ ಆರಿಸಿದ ನೀರು ಕಾಲು ಲೀಟರ್. ರಾತ್ರಿ ಎಂಟಕ್ಕೆ ಕಲಸಿ ಮುಚ್ಚಿಟ್ಟು, ಬೆಳಿಗ್ಗೆ ಎರಡು ಪದರ ಬಟ್ಟೆಯಲ್ಲಿ ಹಿಂಡದೆ ಸೋಸಬೇಕು. ಬಿಸಿ ಹಾಲಿಗೆ ಬೆರೆಸಿದರೆ ಬಿಸಿ ಕಾಫಿಯೇ. 2018ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು ತಣ್ಣೀರಿನ ಮತ್ತು ಬಿಸಿನೀರಿನ ಕಾಫಿಯನ್ನು ಹೋಲಿಸಿ ನೋಡಿದ್ದರು. ಪಿ.ಎಚ್. ಹೆಚ್ಚುಕಡಿಮೆ ಒಂದೇ, ಆದರೆ ಒಟ್ಟು ಆಮ್ಲ ಬಿಸಿನೀರಿನದ್ದರಲ್ಲೇ ಹೆಚ್ಚು. ನನ್ನ ಹೊಟ್ಟೆಯೂ ಅದನ್ನೇ ಹೇಳುತ್ತದೆ. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಟ್ಟು ಮರುದಿನ ಮುಗಿಸಿ. ಸೊಲ್ಲಾಪುರದ ಸೆಕೆಗೆ ಹೊರಗಿಟ್ಟರೆ ಕೆಡುತ್ತದೆ. ಎಲ್ಲ ಲೆಕ್ಕ ಹಾಕಿದರೆ ಹಾಲು ಬಿಟ್ಟು ಒಂದು ಲೋಟಕ್ಕೆ ಹತ್ತು ರೂಪಾಯಿಯೊಳಗೆ.

ಇಷ್ಟೆಲ್ಲ ಮಾಡಿಯೂ ವಾರಕ್ಕೆರಡು ದಿನ ಉರಿ ಉಳಿದಿತ್ತು. ಅದನ್ನು ನಿಲ್ಲಿಸಿದವರು ಮನೆಯ ಯಜಮಾನತಿ ಆಯಿ. ಬೆಳಗಿನ ಜಾವ ನನ್ನ ಫಿಲ್ಟರಿನ ಸದ್ದು ಕೇಳಿ ಒಂದು ದಿನ ಬಾಗಿಲಿಗೆ ಬಂದರು.

"ಏನ ತಮ್ಮಾ, ಖಾಲಿ ಹೊಟ್ಟ್ಯಾಗ ಕರೀ ನೀರ ಸುರಕೊಂಡ್ರ ಉರೀದ ಏನ ಮಾಡ್ತದ? ಮೊದಲ ಒಂದ ರೊಟ್ಟಿ ತಿನ್ನು."

ತಾಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಖಾರದ ಚಟ್ನಿಗೆ ನಾನು ಹೆದರಿದೆ. ಆಯಿ ಚಟ್ನಿ ತೆಗೆದು ಮೊಸರು ಹೆಚ್ಚು ಹಾಕಿದರು. ಅಂದಿನಿಂದ ರೊಟ್ಟಿ ಮೊದಲು, ಕಾಫಿ ಆಮೇಲೆ. ಮುಂದಿನ ರಮಝಾನಿನಲ್ಲೂ ಊಟವಾಗಿ ಗಂಟೆ ಕಳೆದ ಮೇಲೆಯೇ ಕಾಫಿ ಕುಡಿದೆ, ಮಲಗುವ ಹೊತ್ತಿಗೆ ಮೂರು ಗಂಟೆ ಇರುವಂತೆ. ದಿಂಬಿಗೆ ಒರಗಿ ಕೂರುವ ರಾತ್ರಿಗಳು ಮುಗಿದವು. ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದರು.

ಕಳೆದ ಸಲ ಊರಿಗೆ ಹೋಗುವಾಗ ಒಂದು ದೊಡ್ಡ ಖರ್ಚು ಮಾಡಿದೆ. ಕಾಲು ಕೆ.ಜಿ. ಮಾನ್ಸೂನ್ಡ್ ಮಲಬಾರ್, ಐನೂರು ರೂಪಾಯಿ. ಪ್ಯಾಕೆಟ್ ಒಡೆದು ಉಮ್ಮನ ಮುಂದಿಟ್ಟೆ. ಅವರು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು.

"ಗುದಾಮಿನ ವಾಸನೆ" ಎಂದರು. "ಮಳೆಗೆ ಒದ್ದೆಯಾದ ಗೋಣಿ."

ಡಿಕಾಕ್ಷನ್ ಇಳಿಸಿ ಹಾಲು ಬೆರೆಸಿ ಕೊಟ್ಟೆ. ಒಂದು ಗುಟುಕು ಕುಡಿದು ಸುಮ್ಮನೆ ಕೂತರು. ಎಷ್ಟೋ ಮೂಟೆ ಆರಿಸಿದ ಕೈ, ರುಚಿ ನೋಡಿದ್ದು ಈಗ. "ಒಳ್ಳೆಯದಿದೆ. ಆದರೆ ಸಕ್ಕರೆ ಸಾಲದು" ಎಂದರು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಉಪ್ಪ ಪೇಪರ್ ಕೆಳಗಿಟ್ಟರು. ತಿಂಡಿ ಆಗಿತ್ತು. ಅವರ ಡಾಕ್ಟರು ಸ್ವಲ್ಪ ಕುಡಿಯಬಹುದು ಎಂದು ಹೇಳಿ ಎರಡು ವರ್ಷವಾಗಿದ್ದರೂ ಹೆದರಿಕೆಯಿಂದ ಮುಟ್ಟಿರಲಿಲ್ಲ.

"ನನಗೆ ಅರ್ಧ ಲೋಟ" ಎಂದರು.