ಆಯಿಲ್ ಬದಲಿಸಲು ಗಂಟೆಯೊಂದೇ ಲೆಕ್ಕವಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ "ಇಂಜಿನ್ ಆಯಿಲ್ ಯಾವಾಗ ಬದಲಿಸ್ತೀರಿ?" ಎಂದು ಕೇಳಿ ನೋಡಿ. "ಕಪ್ಪಾದ ಮೇಲೆ" ಎನ್ನುವವರು ಕೆಲವರು, "ನೂರು ಗಂಟೆಗೆ" ಎನ್ನುವವರು ಕೆಲವರು. ನಮ್ಮ ಅಪ್ಪಯ್ಯನ ಉತ್ತರ ಬೇರೆ: "ವರ್ಷದ ಔಷಧಿ ಹೊಡೆದು ಮುಗಿದ ಸಂಜೆ." ನಮ್ಮ ಮಲೆನಾಡಿಗೆ ಹೊಂದುವುದು ಇದೇ ಅಂತ ನನ್ನ ಲೆಕ್ಕ.

ನಮ್ಮಲ್ಲಿರುವುದು ಬೋರ್ಡೋ ಹೊಡೆಯುವ ಪಂಪಿಗೆ ಜೋಡಿಸಿದ ಸಣ್ಣ ಪೆಟ್ರೋಲ್ ಇಂಜಿನ್. ಅದಕ್ಕೆ ಹಾಕುವುದು ಸಿಂಗಲ್ ಗ್ರೇಡ್ ಆಯಿಲ್; ಡಬ್ಬದ ಮೇಲೆ ಎಸ್‌ಎಇ 30 ಎಂದಷ್ಟೇ ಇರುತ್ತದೆ. 20ಡಬ್ಲ್ಯು40 ಎಂದು ಎರಡು ಸಂಖ್ಯೆ ಇದ್ದರೆ ಅದು ಮಲ್ಟಿಗ್ರೇಡ್, ಚಳಿಯಲ್ಲೂ ತೀರಾ ಗಟ್ಟಿಯಾಗದ್ದು. ಹಿಮ ಬೀಳದ ನಮ್ಮೂರಲ್ಲಿ, ಕೈಪಿಡಿ ಒಪ್ಪಿದರೆ, ಸಿಂಗಲ್ ಗ್ರೇಡೇ ಸಾಕು.

ಬಣ್ಣ ನೋಡಿ ನಿರ್ಧರಿಸುವಂತಿಲ್ಲ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಆಯಿಲಿನ ಕೆಲಸ. ಡೀಸೆಲ್ ಇಂಜಿನ್ನಿನಲ್ಲಂತೂ ಹೊಸ ಆಯಿಲ್ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಹೆದರಬೇಕಾದ್ದು ಹಾಲು ಬೆರೆಸಿದ ಕಾಫಿಯಂತೆ ಕಂಡಾಗ. ನೀರು ಸೇರಿದೆ ಎಂದರ್ಥ, ಅವತ್ತೇ ತೆಗೆಯಬೇಕು.

ಇನ್ನು ಗಂಟೆಯ ಲೆಕ್ಕ. ಹೋಂಡಾ ಜಿಎಕ್ಸ್ ಇಂಜಿನ್ನಿನ ಕೈಪಿಡಿ ಹೀಗಿದೆ: ಹೊಸದಾದರೆ ಮೊದಲ ತಿಂಗಳು ಅಥವಾ 20 ಗಂಟೆ; ಆಮೇಲೆ 6 ತಿಂಗಳು ಅಥವಾ 100 ಗಂಟೆ; ಯಾವುದು ಮೊದಲು ಬರುತ್ತದೋ ಅದು. ನಾವು 100 ಗಂಟೆ ನೆನಪಿಟ್ಟುಕೊಂಡು 6 ತಿಂಗಳು ಮರೆಯುತ್ತೇವೆ.

ಮಳೆ ಹಿಡಿಯುವ ಮುಂಚೆ ಒಂದು ಸುತ್ತು, 40–45 ದಿನ ಬಿಟ್ಟು ಇನ್ನೊಂದು. ನಮ್ಮ ತೋಟಕ್ಕೆ ಎಲ್ಲ ಸೇರಿ 40 ಗಂಟೆ ದಾಟುವುದಿಲ್ಲ. ಬರೀ ಗಂಟೆ ಎಣಿಸಿದರೆ ಒಂದೇ ಆಯಿಲಿನಲ್ಲಿ ಎರಡು ಮಳೆಗಾಲ ಕಳೆದು ಮೂರನೆಯದಕ್ಕೆ ಕಾಲಿಟ್ಟಿರುತ್ತೇವೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಇಂಜಿನ್ ಸರಿಯಾಗಿ ಬಿಸಿಯಾಗಿ ಹೆಚ್ಚು ಹೊತ್ತು ಓಡಿದರೆ ಅದು ಹೊರಹೋಗುತ್ತದೆ. ಮರ ಬದಲಿಸುವಾಗ, ಮಳೆ ಹನಿದಾಗ ನಿಲ್ಲಿಸಿ ನಿಲ್ಲಿಸಿ ಓಡಿಸಿದರೆ ಒಳಗೇ ಉಳಿದು ಆಮ್ಲವಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಥಂಡಿ ಕೊಟ್ಟಿಗೆಯಲ್ಲಿ ಅದೇ ಆಯಿಲ್ ಬೇರಿಂಗನ್ನು ತಿನ್ನುತ್ತಾ ಕೂರುತ್ತದೆ. ಸಿಂಗಲ್ ಗ್ರೇಡ್ ಬೇಗ ತೆಳುವಾಗುವುದಿಲ್ಲ ಎನ್ನುವುದು ನಿಜ. ಆದರೆ ಆಮ್ಲ ತಡೆಯಲು ಅದರಲ್ಲಿ ಬೆರೆಸಿದ ಅಂಶ ಖರ್ಚಾಗಿ ಹೋಗುತ್ತದೆ. ಈ ಸಣ್ಣ ಇಂಜಿನ್ನುಗಳಿಗೆ ಆಯಿಲ್ ಫಿಲ್ಟರೂ ಇಲ್ಲ.

ಪಕ್ಕದ ಊರಿನ ಭಾವನೊಬ್ಬರ ಇಂಜಿನ್ ಹೀಗೇ ಮೂರನೇ ಮಳೆಗಾಲಕ್ಕೆ ಬಂದು, ಎರಡನೇ ಸುತ್ತಿನ ಮಧ್ಯೆ ಜಾಮ್ ಆಯಿತು. ಬಿಚ್ಚಿದರೆ ತಳದಲ್ಲಿ ಬೂದು ಕೆಸರು. ಮೆಕ್ಯಾನಿಕ್ ಸಿಗುವಷ್ಟರಲ್ಲಿ ಮಳೆ ಹೊಳವಾಗಿದ್ದ ನಾಲ್ಕು ದಿನ ಕಳೆದುಹೋಯಿತು, ಕೊನೆಗಾರರು ಬೇರೆ ತೋಟಕ್ಕೆ ಹೋದರು. ಆ ವರ್ಷ ಅವರ ತೋಟದಲ್ಲಿ ಕೊಳೆ ಬಂದು ಉದುರಿದ ಅಡಿಕೆಯನ್ನು ಗೋಣಿಯಲ್ಲಿ ತುಂಬಿದೆವು. ಬೇಕಾಗಿದ್ದ ಆಯಿಲ್ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಕೊನೆಗಾರರ ಒಂದು ದಿನದ ಕೂಲಿಯೂ ಆಗುವುದಿಲ್ಲ.

ಹಾಗಾಗಿ ಕೊನೇ ಸುತ್ತು ಮುಗಿದ ದಿನ, ಇಂಜಿನ್ ಬಿಸಿಯಿರುವಾಗಲೇ ಆಯಿಲ್ ಇಳಿಸಿ ಹೊಸದು ಹಾಕಿ ಇಡಿ. ಬೇಸಿಗೆಯಲ್ಲಿ ನೀರು ಹೊಡೆಯಲೂ ಅದನ್ನೇ ಓಡಿಸುವವರು ಗಂಟೆಯನ್ನೂ ಬರೆದಿಡಿ; ನೂರಾದರೆ ಮತ್ತೆ ಬದಲಿಸಿ. ಔಷಧಿ ಪಂಪಿನ ಆಯಿಲ್ ಬೇರೆಯೇ ಇರುತ್ತದೆ, ಅದನ್ನೂ ನೋಡಿ. ಟಿಲ್ಲರ್, ಡೀಸೆಲ್ ಪಂಪ್‌ಸೆಟ್ಟಿಗೆ ಅವುಗಳ ಕೈಪಿಡಿಯ ಗಂಟೆ ಬೇರೆ. ಆದರೆ ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಅವಕ್ಕೂ ಒಳ್ಳೆಯದು.

ಇಳಿಸಿದ ಆಯಿಲನ್ನು ಹಳ್ಳಕ್ಕೋ ತೋಟದ ಕಾದಿಗೆಗೋ ಸುರಿಯಬೇಡಿ, ಅಡಿಕೆ ಬೇಯಿಸುವ ಒಲೆಗೂ ಬೇಡ. ಕ್ಯಾನಿನಲ್ಲಿ ತುಂಬಿಟ್ಟು, ಪೇಟೆಗೆ ಹೋದಾಗ ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಆ ಹಳ್ಳದ ನೀರನ್ನೇ ಕೆಳಗಿನ ಮನೆಯವರು ಕುಡಿಯುವುದು.