ತೊಗರಿಬೇಳೆಯ ಚುಕ್ಕಿಗಳು

ನಿಜಾಮರ ಆಡಳಿತ ಕೊನೆಗೊಂಡ 1948ರವರೆಗೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಕಚೇರಿ ಭಾಷೆ ಉರ್ದು. ಇಂದು ಕನ್ನಡ ಶಾಲೆಗೆ ಹೋಗುವ ನಮ್ಮ ಮಕ್ಕಳು ಮನೆಯಲ್ಲಿ ಉರ್ದು ಮಾತಾಡುತ್ತಾರೆ, ಓದಲು ಬಾರದು. ಅತ್ತೆಯವರ ಬಳಿ ಅವರ ತಂದೆ ವಾಡಿಯಿಂದ ಬರೆದ ಉರ್ದು ಪತ್ರಗಳಿವೆ. ಮುಂದೆ ಅವನ್ನು ಓದುವವರಾರು?

ಅದಕ್ಕೇ ಈ ಸಲ ಈದ್ ಕಾರ್ಡ್ ಮಾಡುವುದನ್ನೇ ಪಾಠವಾಗಿಸಿದೆವು. ಹಳೆಯ ಮದುವೆ ಪತ್ರಿಕೆಯ ರಟ್ಟು, ಅಂಟು, ಒಂದು ಹಿಡಿ ತೊಗರಿಬೇಳೆ ಸಾಕು. ಕುರ್‌ಆನ್ ಓದಲು ಕಲಿತ ಮಕ್ಕಳಿಗೆ ಅರಬಿಯ ‘ಬೇ’ ಗೊತ್ತು. ಅದರಡಿಯ ಒಂದು ಚುಕ್ಕಿಗೆ ಎರಡು ಬೇಳೆ ಕೂಡಿಸಿದರೆ ಉರ್ದುವಿನ ‘ಪೇ’. ‘ಜೀಮ್’ಗೆ ಎರಡು ಕೂಡಿಸಿದರೆ ‘ಚೇ’. ಬಲದಿಂದ ಎಡಕ್ಕೆ ಓದುವ ಲಿಪಿಯಾದ್ದರಿಂದ ಕಾರ್ಡಿನ ಮಡಿಕೆಯೂ ಬಲಕ್ಕೆ.

ಶಹಾಬಾದಿನ ಫುಪ್ಪಿಗೆ ಕಾರ್ಡ್ ತಲುಪಿತು. ಹಿರಿಮಗಳು ಮೊನ್ನೆ ಆ ಪತ್ರವೊಂದರ ಮೊದಲ ಸಾಲನ್ನು ತಡವರಿಸುತ್ತಲೇ ಓದಿದಳು.

ಸಹೋದರಿಯರೇ, ಕನ್ನಡವನ್ನು ಶಾಲೆ ಕಲಿಸುತ್ತದೆ. ಅಜ್ಜ-ಅಜ್ಜಿಯರ ಅಕ್ಷರವನ್ನು ಮನೆಯೇ ಕಲಿಸಬೇಕು.