ನಸುಗುನ್ನಿ ಪುಡಿ

ರಾಯಚೂರಿನ ಕಡೆಯ ನಮ್ಮೂರಿನಿಂದ ಅಪ್ಪನನ್ನು ಹೈದರಾಬಾದಿಗೆ ಕರೆತಂದದ್ದು ಬಲಗೈ ನಡುಕಕ್ಕೆ. ಪಾರ್ಕಿನ್ಸನ್ ಎಂದರು ನರರೋಗ ತಜ್ಞರು. ಊರಿಗೆ ಕಾಗದ ಬರೆಯಲು ಕೂತರೆ ಅಪ್ಪನ ಅಕ್ಷರ ಸಾಲಿನಿಂದ ಸಾಲಿಗೆ ಸಣ್ಣಗಾಗುತ್ತಿತ್ತು. ಅದೂ ಈ ರೋಗದ್ದೇ ಲಕ್ಷಣವಂತೆ.

ಈ ಊರಲ್ಲಿ ಸಲಹೆಗೆ ಬರವಿಲ್ಲ. ಮೃಗಶಿರ ಮಳೆ ಹೂಡುವ ದಿನ ಉಬ್ಬಸಕ್ಕೆಂದು ಸಾವಿರಾರು ಜನ ಜೀವಂತ ಮೀನು ನುಂಗುವ ಊರಿದು. ಒಬ್ಬರು ಹಕೀಮರ ಬಳಿ ಹೋಗಿ ಎಂದರು, ಇನ್ನೊಬ್ಬರು ಎಣ್ಣೆ ಮಾಲೀಸು ಎಂದರು. ಪಕ್ಕದ ಮನೆಯ ತೆಲುಗು ಅಕ್ಕ, ಕಂಪವಾತಕ್ಕೆ ಆಯುರ್ವೇದದ್ದು ಅಂತ 'ದೂಲಗೊಂಡಿ' ಪುಡಿ ತಂದುಕೊಟ್ಟರು. ಬೀಜದ ಚಿತ್ರ ನೋಡಿ ಅಪ್ಪ ನಕ್ಕುಬಿಟ್ಟರು.

"ಇದು ನಮ್ಮ ಬೇಲಿಮ್ಯಾಲಿನ ನಸುಗುನ್ನಿಯವ್ವಾ! ಇದಕ್ಕ್ಯಾಕ ಹೆದರಬೇಕು?"

ಹುಡುಗರಾಗಿದ್ದಾಗ ಆ ಕಾಯಿಯ ರೋಮ ಗೆಳೆಯರ ಬೆನ್ನಿಗೆ ಸವರಿ, ತುರಿಕೆ ಹತ್ತಿಸಿ ಓಡಿದ್ದೆಲ್ಲ ಹೇಳಿದರು. ಇಲ್ಲಿಗೆ ಬಂದಮೇಲೆ ಅವರು ಅಷ್ಟು ನಕ್ಕದ್ದು ಅಂದೇ. ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ.

ಮೊದಲ ವಾರ ನಡುಕ ಇಳಿಯಿತು. ಎರಡನೇ ವಾರ ಊಟಕ್ಕೆ ಕೂತಾಗ ಅಪ್ಪನ ಕತ್ತು, ಭುಜ ತಾವಾಗಿಯೇ ಹೊಯ್ದಾಡತೊಡಗಿದವು. ಜೊತೆಗೆ ವಾಂತಿ.

"ಮನೆಮದ್ದು ಏನಾದ್ರೂ ಕೊಡ್ತಿದ್ದೀರಾ?" ಡಾಕ್ಟರು ಕೇಳಿದಾಗ ತಲೆ ತಗ್ಗಿಸಿದೆ.

ಮೆದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುವುದೇ ಈ ರೋಗದ ಮೂಲ. ಅದನ್ನು ತುಂಬಿಕೊಡಲು ಮಾತ್ರೆಯಲ್ಲಿರುವುದು ಲೆವೊಡೋಪ. ನಸುಗುನ್ನಿ ಬೀಜದಲ್ಲಿರುವುದೂ ಅದೇ! 1937ರಷ್ಟು ಹಿಂದೆಯೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ವಿಜ್ಞಾನಿಗಳು ಅದನ್ನು ಬೀಜದಿಂದ ಬೇರ್ಪಡಿಸಿದ್ದರು. 2004ರಲ್ಲಿ ಪ್ರಕಟವಾದ, ಲಂಡನ್ನಿನಲ್ಲಿ 8 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ 30 ಗ್ರಾಂ ಬೀಜದ ಪುಡಿ ಮಾತ್ರೆಗಿಂತ ಬೇಗ ಕೆಲಸ ಮಾಡಿತ್ತು. ಆದರೆ ಅಂಗಡಿಯ ಪುಡಿಯಲ್ಲಿ ಔಷಧ ಎಷ್ಟಿದೆಯೆಂದು ಚಮಚಕ್ಕೆ ಗೊತ್ತಾಗುವುದಿಲ್ಲ. ಮೇಲಾಗಿ, ಲೆವೊಡೋಪ ದಾರಿಯಲ್ಲೇ ಕರಗಿಹೋಗದಂತೆ ಮಾತ್ರೆಯಲ್ಲಿ ಕಾರ್ಬಿಡೋಪ ಸೇರಿಸಿರುತ್ತಾರೆ. ಅದರ ಕಾವಲಿನಲ್ಲಿ ಪುಡಿಯ ಬಲವೂ ಏರುತ್ತದೆ. ನಾನು ಎರಡು ಔಷಧ ಕೊಡುತ್ತಿರಲಿಲ್ಲ, ಒಂದನ್ನೇ ಎರಡು ಸಲ ಕೊಡುತ್ತಿದ್ದೆ.

ಪುಡಿ ನಿಂತಿತು. ಅಪ್ಪ ಎರಡು ದಿನ ಮಾತಾಡಲಿಲ್ಲ. ಹೆಜ್ಜೆ ಕಚ್ಚಿಕೊಂಡಾಗ ತಾಳ ಹಾಕಿ, ನೆಲದ ಗೆರೆ ದಾಟಿಸಿ ಎಂದಿದ್ದರು ಡಾಕ್ಟರು. ಈಗ ಅಪಾರ್ಟ್‌ಮೆಂಟಿನ ವರಾಂಡದಲ್ಲಿ ಟೈಲ್ಸಿನ ಗೆರೆ ದಾಟುತ್ತಾ ದಿನಾ ನಡೆಯುತ್ತಾರೆ. ನಾನಿಲ್ಲದಾಗ ತೆಲುಗು ಅಕ್ಕ ಚಪ್ಪಾಳೆ ತಟ್ಟಿ "ಒಂದು, ಎರಡು" ಎಂದು ಕನ್ನಡದಲ್ಲೇ ಎಣಿಸುತ್ತಾರೆ.

ರೋಗ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಗೆರೆ ಹಾಕಿದ ಹಾಳೆ ಕೊಟ್ಟರೆ ಅಕ್ಷರ ಅಷ್ಟು ಕುಗ್ಗುವುದಿಲ್ಲ. ಮೊನ್ನೆ ತಮ್ಮನಿಗೆ ಬರೆದ ಕಾಗದದ ಕೊನೆಯ ಸಾಲು: "ಬೇಲಿ ಮ್ಯಾಲಿನ ನಸುಗುನ್ನಿ ಕಡಿಬ್ಯಾಡ್ರಿ."